ಫೋಟೋದ ಬೆನ್ನ ಮೇಲಿನ ಮಾತು

ನಾನು ತೆಗೆದ ಹಳೆಯ ಫೋಟೋಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಮನೆಗೆ ಬಂದ ನೆಂಟರು ಅದನ್ನು ತೆರೆದರೆ ಮೊದಲು ಕೇಳುವುದು ಒಂದೇ ಪ್ರಶ್ನೆ: ಇವೆಲ್ಲ ಯಾಕೆ ಇಷ್ಟು ಅಗಲ ಕಡಿಮೆ? ಪ್ರಶ್ನೆ ನ್ಯಾಯವಾದದ್ದೇ. ಬೇರೆಯವರ ಮನೆಯ ಫೋಟೋಗಳಲ್ಲಿ ಜನ ಆರಾಮವಾಗಿ ಕೂತಿರುತ್ತಾರೆ; ನನ್ನವುಗಳಲ್ಲಿ ಮೋಟಾರು ಬಸ್ಸಿನಲ್ಲಿ ಜಾಗ ಸಿಗದವರಂತೆ ಒತ್ತಿಕೊಂಡು ನಿಂತಿದ್ದಾರೆ. ಕಾರಣ ಹೇಳಲು ನಾಚಿಕೆ. ಆದರೆ ಈ ವಯಸ್ಸಿನಲ್ಲಿ ನಿಮ್ಮೆದುರು ಮುಚ್ಚಿಟ್ಟು ಏನಾಗಬೇಕಿದೆ, ಹೇಳಿಬಿಡುತ್ತೇನೆ. ಒಂದನ್ನು ಬಿಟ್ಟು ಪ್ರತಿ ಫೋಟೋದ ಎಡ ಅಂಚನ್ನು ನಾನೇ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದೇನೆ. ಅಲ್ಲಿ ನನ್ನ ಬೆರಳಿತ್ತು.

ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದ ನನ್ನ ಷಡ್ಡಕ ನಲವತ್ತೇಳರಲ್ಲಿ ನನಗೊಂದು ಡಬ್ಬಿ ಕ್ಯಾಮೆರಾ ಕೊಟ್ಟ. ಆಗ ನಾನು ಹುಮನಾಬಾದಿನಲ್ಲಿ ಸಾಲಿ ಮಾಸ್ತರ. ಹಗಲೆಲ್ಲ ಉರ್ದುವಿನಲ್ಲಿ ಲೆಕ್ಕ ಕಲಿಸಿ, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಜಗಳಾಡುವ ಕಾಲ ಅದು. ಕ್ಯಾಮೆರಾ ಎಂದರೆ ದೊಡ್ಡ ವಸ್ತುವೆಂದು ತಿಳಿಯಬೇಡಿ. ಕರಿ ರಟ್ಟಿನ ಒಂದು ಪೆಟ್ಟಿಗೆ, ಮುಂದೊಂದು ಕಣ್ಣು, ಬದಿಗೊಂದು ಒತ್ತುವ ಚಿಟಿಕೆ. ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಮೇಲಿನಿಂದ ಬಾವಿಗೆ ಇಣುಕಿದಂತೆ ಇಣುಕಿ ನೋಡಬೇಕು. ಒಂದು ರೀಲಿಗೆ ಎಂಟೇ ಫೋಟೋ. ನನ್ನ ಎಡಗೈಯ ಬೆರಳುಗಳಿಗೆ ಮಾತ್ರ ಪೆಟ್ಟಿಗೆಯನ್ನು ಹಿಡಿದರೆ ಸಾಲದು, ಅದರ ಕಣ್ಣಲ್ಲಿ ಏನಿದೆಯೆಂದು ಮುಟ್ಟಿ ನೋಡಬೇಕೆಂಬ ಚಟ. ಫೋಟೋ ಕಲಬುರ್ಗಿಯಲ್ಲಿ ತೊಳೆದು ಬರುವ ಹೊತ್ತಿಗೆ ಎಡಗಡೆ ಒಂದು ಬದನೆಕಾಯಿಯಷ್ಟು ಕಪ್ಪು ಆಕಾರ ಬಂದು ನಿಂತಿರುತ್ತಿತ್ತು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ನಾನು ಕ್ಯಾಮೆರಾದ ಕಣ್ಣಿಗೆ ಪೊರೆ ಬಂದಿದೆಯೆಂದು ಷಡ್ಡಕನಿಗೆ ಕಾಗದ ಬರೆದೆ.

ಆ ಕಪ್ಪು ಆಕಾರ ಯಾವುದೆಂದು ನನಗೆ ತಿಳಿಸಿಕೊಟ್ಟವರು ಚಾಂದ್ ಸಾಹೇಬರು. ಈಗ ಬಸವಕಲ್ಯಾಣ ಎನ್ನುತ್ತಾರಲ್ಲ, ಅದನ್ನು ಆಗ ನಾವೆಲ್ಲ ಕಲ್ಯಾಣಿ ಎನ್ನುತ್ತಿದ್ದೆವು. ಅಲ್ಲಿನ ಶಾಲೆಯಲ್ಲಿ ನಾನು ಎರಡು ವರ್ಷ ಇದ್ದಾಗ ಅವರು ಚಿತ್ರಕಲೆಯ ಮಾಸ್ತರು. ಆಮೇಲೆ ನಿವೃತ್ತರಾಗಿ ಕೋಟೆಯ ಹತ್ತಿರದ ತಮ್ಮ ಹಳೆಯ ಮನೆಯಲ್ಲಿ ಇದ್ದರು. ಚಿತ್ರಕ್ಕಿಂತ ಅವರ ಕೈಬರಹ ಹೆಸರುವಾಸಿ. ಬಿದಿರು ಲೇಖನಿಯಲ್ಲಿ ಅವರು ಉರ್ದುವಿನ ಮೊದಲ ಅಕ್ಷರ ಅಲಿಫ್ ಎಳೆದರೆ ಸಿಪಾಯಿ ಎದ್ದು ನಿಂತಂತೆ ಇರುತ್ತಿತ್ತು. ನನ್ನ ಮೊದಲ ನಾಲ್ಕು ಫೋಟೋಗಳನ್ನು ಹೆಮ್ಮೆಯಿಂದ ಅವರಿಗೆ ಕಳಿಸಿದೆ. ಹೆತ್ತವರಿಗೆ ಹೆಗ್ಗಣವೂ ಮುದ್ದು ಎನ್ನುತ್ತಾರೆ. ಫೋಟೋ ತೆಗೆದವನ ಮಮತೆಯ ಎದುರು ಆ ಹೆತ್ತವರದು ಏನೂ ಅಲ್ಲ. ವಾರದ ಮೇಲೆ ನಾಲ್ಕೂ ವಾಪಸು ಬಂದವು. ಕೊನೆಯದರ ಬೆನ್ನ ಮೇಲೆ ಮುತ್ತು ಪೋಣಿಸಿದಂಥ ಉರ್ದುವಿನಲ್ಲಿ, ಪೆನ್ಸಿಲಿನಿಂದ ಬರೆದಿದ್ದರು: ಈ ನಾಲ್ಕೂ ಚಿತ್ರಗಳಲ್ಲಿ ಎಡಗಡೆ ಒಬ್ಬರು ತಪ್ಪದೆ ಹಾಜರಿದ್ದಾರೆ, ಬಹಳ ಗಂಭೀರ ವ್ಯಕ್ತಿ ಕಾಣುತ್ತಾರೆ, ಮುಂದಿನ ಸಲ ಅವರನ್ನು ಮನೆಯಲ್ಲಿ ಬಿಟ್ಟು ಬನ್ನಿ.

ನಾನು ಒಂದು ದಿನವಿಡೀ ಊಟದಲ್ಲಿ ರುಚಿಯಿಲ್ಲದೆ ಕೂತೆ. ಮರುದಿನ ಕತ್ತರಿ ಹುಡುಕಿದೆ.

ಇಲ್ಲಿ ಇಸ್ಲಾಹ್ ಎಂಬ ಮಾತನ್ನು ನಿಮಗೆ ಹೇಳಬೇಕು. ಉರ್ದು ಕವಿತೆ ಬರೆಯುವವರಲ್ಲಿ ಒಂದು ಪದ್ಧತಿಯಿದೆ. ಶಿಷ್ಯ ತಾನು ಬರೆದದ್ದನ್ನು ಉಸ್ತಾದರಿಗೆ ಒಪ್ಪಿಸುತ್ತಾನೆ. ಉಸ್ತಾದರು ಅಲ್ಲಲ್ಲಿ ತಿದ್ದಿ ಕೊಡುತ್ತಾರೆ. ಒಳ್ಳೆಯ ಉಸ್ತಾದರು ಇಡೀ ಸಾಲನ್ನು ಹೊಡೆದು ಹಾಕುವುದಿಲ್ಲ, ಒಂದು ಪದ ಅತ್ತಿತ್ತ ಮಾಡುತ್ತಾರೆ. ಬಡಪಾಯಿ ಸಾಲು ಎದ್ದು ಓಡಾಡತೊಡಗುತ್ತದೆ. ಅದೇ ಇಸ್ಲಾಹ್. ನಮ್ಮಲ್ಲೂ ಇಂಥದ್ದು ಹೊಸತೇನಲ್ಲ. ಕಲ್ಯಾಣದಲ್ಲಿ ಎಂಟು ನೂರು ವರ್ಷಗಳ ಹಿಂದೆಯೇ ಅಂಬಿಗರು, ಮಡಿವಾಳರು, ಮಾದಾರರು ಒಂದೆಡೆ ಕೂತು ಒಬ್ಬರ ಮಾತನ್ನು ಒಬ್ಬರು ಒರೆಗೆ ಹಚ್ಚುತ್ತಿದ್ದರಂತೆ. ಆ ಊರಿನ ನೀರೇ ಹಾಗಿರಬೇಕು. ಚಾಂದ್ ಸಾಹೇಬರು ಕವಿತೆಯ ಈ ಪದ್ಧತಿಯನ್ನು ನಮ್ಮ ಫೋಟೋಗಳಿಗೆ ತಂದರು, ಅಷ್ಟೇ.

ನಮ್ಮ ಎಂದೆನಲ್ಲ, ನಮ್ಮ ಸಂಘದಲ್ಲಿ ಇದ್ದವರು ಮೂರೇ ಜನ. ಚಾಂದ್ ಸಾಹೇಬರು, ನಾನು, ನಮ್ಮ ಮನೆಯ ಎದುರಿನ ಶರಣಪ್ಪ. ಶರಣಪ್ಪ ಹುಮನಾಬಾದಿನ ಅಂಚೆ ಕಚೇರಿಯ ಗುಮಾಸ್ತ. ಕ್ಯಾಮೆರಾ ನನ್ನದು, ರೀಲು ಇಬ್ಬರದು, ಎಂಟರಲ್ಲಿ ನಾಲ್ಕು ಅವನು, ನಾಲ್ಕು ನಾನು. ಅವನು ತೆಗೆದದ್ದರ ಬೆನ್ನ ಮೇಲೆ ಮೊದಲು ನಾನು ಬರೆಯಬೇಕು, ನಾನು ತೆಗೆದದ್ದರ ಮೇಲೆ ಅವನು. ಆಮೇಲೆ ಎರಡೂ ಕಲ್ಯಾಣಿಗೆ ಹೋಗಿ ಉಸ್ತಾದರ ಪೆನ್ಸಿಲು ತಾಗಿಸಿಕೊಂಡು ಬರಬೇಕು. ಫೋಟೋಗಳನ್ನು ಅಂಚೆಯಲ್ಲಿ ಕಳಿಸಲು ಶರಣಪ್ಪ ಎಂದೂ ಒಪ್ಪಲಿಲ್ಲ. ಅಂಚೆ ಮುದ್ರೆಯ ಗುದ್ದು ಎಂಥದ್ದೆಂದು ದಿನಾ ಗುದ್ದುವ ಅವನಿಗೇ ಗೊತ್ತು. ಹೀಗಾಗಿ ಲಕೋಟೆ ಕಲ್ಯಾಣಿಯ ಮೋಟಾರಿನ ಡ್ರೈವರನ ಕೈಯಲ್ಲಿ ಹೋಗುತ್ತಿತ್ತು.

ಚಾಂದ್ ಸಾಹೇಬರ ಕಟ್ಟಳೆಗಳು ವಿಚಿತ್ರ. ಫೋಟೋ ಕೈಗೆ ಬಂದ ಕೂಡಲೇ ಬಾಯಿ ತೆರೆಯಬಾರದು. ಎದುರಿಗಿಟ್ಟುಕೊಂಡು ಒಂದು ಕಪ್ ಚಹಾ ಪೂರ್ತಿ ಕುಡಿಯಬೇಕು. 'ಚೆನ್ನಾಗಿದೆ' ಎಂದು ಬರೆಯಬಾರದು, 'ಚೆನ್ನಾಗಿಲ್ಲ' ಎಂದೂ ಬರೆಯಬಾರದು. ಎರಡೂ ಜಾರಿಕೊಳ್ಳುವ ಉಪಾಯಗಳು. ಮುಂದಿನ ಫೋಟೋಕ್ಕೆ ಉಪಯೋಗವಾಗುವ ಮಾತಿದ್ದರೆ ಬರಿ, ಇಲ್ಲದಿದ್ದರೆ ಚಹಾದ ಮೇಲೆ ಇನ್ನೊಂದು ಚಹಾ ಕುಡಿ. ಮೊದಮೊದಲು ನನ್ನ ಪೆನ್ಸಿಲಿಗೆ ಈ ಲಗಾಮು ಹಿಡಿಸಲಿಲ್ಲ. ಮಾಸ್ತರಿಕೆ ಮಾಡಿದವನಿಗೆ ತಪ್ಪು ಕಂಡರೆ ಅಂಗೈ ತುರಿಸುತ್ತದೆ. ಮಾರ್ಕಂಡಿಯೋ ಮೋರಖಂಡಿಯೋ, ಯಾವ ಊರಿನ ಹುಡುಗನ ಪಾಟಿಯಾದರೂ ಸರಿ, ಗೆರೆ ಎಳೆದು ಸೊನ್ನೆ ಹಾಕಿದರೇ ನಮಗೆ ಸಮಾಧಾನ. ಶರಣಪ್ಪನ ಒಂದು ಫೋಟೋದ ಹಿಂದೆ ನಾನು 'ಹತ್ತಕ್ಕೆ ಮೂರು' ಎಂದು ಬರೆದಿದ್ದೆ. ಚಾಂದ್ ಸಾಹೇಬರು ಅದರ ಕೆಳಗೆ 'ಮಾಸ್ತರರ ಇಸ್ಲಾಹಿಗೆ ಹತ್ತಕ್ಕೆ ಎರಡು' ಎಂದು ಬರೆದು ಕಳಿಸಿದರು.

ನಲವತ್ತೆಂಟರಲ್ಲಿ ನಮ್ಮ ಲಕೋಟೆ ಎಷ್ಟೋ ತಿಂಗಳು ಓಡಾಡಲಿಲ್ಲ. ನಿಜಾಮರ ಆಳ್ವಿಕೆ ಮುಗಿದ ಆ ವರ್ಷ ನಮ್ಮ ಸೀಮೆಯಲ್ಲಿ ಮೊದಲು ಕೆಲವರು ಹೆದರಿ ಬಾಗಿಲು ಹಾಕಿಕೊಂಡರು, ಆಮೇಲೆ ಇನ್ನು ಕೆಲವರು. ಆ ಕತೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಫೋಟೋದ ಮಾತಿನ ನಡುವೆ ಹೇಳಿ ಮುಗಿಸುವಂಥದ್ದೂ ಅಲ್ಲ. ಕಲ್ಯಾಣಿಯ ದಾರಿ ತೆರೆದ ಮೇಲೆ ಚಾಂದ್ ಸಾಹೇಬರ ಸುದ್ದಿ ಇದೆಯೇ ಎಂದು ನಾನು ಡ್ರೈವರನನ್ನು ದಿನಾ ಕೇಳುತ್ತಿದ್ದೆ, ಅವನು ದಿನಾ ಇಲ್ಲವೆಂದು ತಲೆಯಾಡಿಸುತ್ತಿದ್ದ. ಒಂದು ದಿನ ಮಡಚಿದ ಚೀಟಿ ತಂದುಕೊಟ್ಟ. 'ಇದ್ದೇನೆ. ಫೋಟೋ ಇದ್ದರೆ ಕಳಿಸಿ' ಎಂದಿತ್ತು. ಅಂದೇ ಶರಣಪ್ಪ ಓಣಿಯಲ್ಲಿ ಸಿಕ್ಕ ಎಮ್ಮೆಯ ಫೋಟೋ ತೆಗೆದ. ಅದು ತೊಳೆದು ಬಂದು, ಕಲ್ಯಾಣಿಗೆ ಹೋಗಿ, ವಾಪಸು ಬಂದಾಗ ಹಿಂದೆ ಬರೆದಿತ್ತು: ಎಮ್ಮೆಯ ಬಾಲ ಹುಮನಾಬಾದಿನಲ್ಲೇ ಉಳಿಯಿತೆ? ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಅದನ್ನು ಓದಿ ಇಬ್ಬರೂ ನಕ್ಕೆವು, ನಗುತ್ತ ನಗುತ್ತ ಶರಣಪ್ಪ ಕಣ್ಣೊರೆಸಿಕೊಂಡ. ನಮ್ಮ ತಪ್ಪು ಹುಡುಕುವವರು ಒಬ್ಬರು ಬದುಕಿ ಉಳಿದಿದ್ದಾರೆ ಎನ್ನುವುದು ಎಷ್ಟು ದೊಡ್ಡ ನೆಮ್ಮದಿ ಎಂದು ಆ ದಿನ ತಿಳಿಯಿತು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಶರಣಪ್ಪನ ತಂಗಿ ಗಿರಿಜೆಯ ಫೋಟೋದ ಸಲುವಾಗಿ. ಆ ಫೋಟೋದ ದೆಸೆಯಿಂದ ನಾನು ಇಪ್ಪತ್ತೊಂದು ದಿನ ನಿದ್ದೆಗೆಟ್ಟೆ.

ಗಿರಿಜೆಗೆ ಆಗ ಹತ್ತೊಂಬತ್ತು. ಚುರುಕು ಕೈ, ಅದಕ್ಕಿಂತ ಚುರುಕು ನಾಲಿಗೆ. ನಕ್ಕರೆ ಎದುರು ಮನೆಯ ನಮಗೆ ಕೇಳಬೇಕು. ಎಂಟನೆಯ ವಯಸ್ಸಿನಲ್ಲಿ ಸಿಡುಬಿನ ದೇವಿ ಬಂದು ಎದ್ದವಳು. ದೇವಿ ಹೋಗುವಾಗ ಎಡಗೆನ್ನೆಯ ಮೇಲೆ ತನ್ನ ಗುರುತು ಬಿಟ್ಟು ಹೋಗಿದ್ದಳು. ನೋಡಲು ಎರಡು ಕಡೆಯವರು ಬಂದಿದ್ದರು. ಇಬ್ಬರೂ ಉಪ್ಪಿಟ್ಟು ತಿಂದು, ಚಹಾ ಕುಡಿದು, ಎಡಗೆನ್ನೆ ನೋಡಿ, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋಗಿದ್ದರು. ತಿಳಿಸಲಿಲ್ಲ. ತಂದೆಯಿಲ್ಲದ ಮನೆ. ಮೂರನೆಯ ಸಲವೂ ಹೀಗಾದರೆ ಇನ್ನು ಯಾರೂ ಬರಲಾರರೆಂದು ಶರಣಪ್ಪನ ತಾಯಿ ದೇವರ ಮುಂದೆ ದೀಪ ಹಚ್ಚುವಾಗಲೂ ಅದನ್ನೇ ಹೇಳುತ್ತಿದ್ದರು.

ನಲವತ್ತೊಂಬತ್ತರ ಚಳಿಗಾಲದಲ್ಲಿ ಮೂರನೆಯ ಸಂಬಂಧದ ಮಾತು ಬಂತು. ಹುಡುಗ ವಿಶ್ವನಾಥ, ಮಂಠಾಳದವನು, ಕಲ್ಯಾಣಿಯ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್. ಮೊದಲು ಹುಡುಗಿಯ ಫೋಟೋ ಕಳಿಸಿ ಎಂದು ಅವನ ಸೋದರಮಾವ ಹೇಳಿ ಕಳಿಸಿದರು. ಶರಣಪ್ಪ ನನ್ನ ಕ್ಯಾಮೆರಾ ತೆಗೆದುಕೊಂಡು ಹೋದ. ತಂಗಿಯನ್ನು ಬಲಗೆನ್ನೆ ಮುಂದೆ ಬರುವಂತೆ ತಿರುಗಿಸಿ, ಎಡಗೆನ್ನೆಯನ್ನು ಬಾಗಿಲ ನೆರಳಿಗೆ ಕೊಟ್ಟು, ಉಸಿರು ಬಿಗಿ ಹಿಡಿಯಲು ಹೇಳಿ ಚಿಟಿಕೆ ಒತ್ತಿದ. ಎರಡು ಪ್ರತಿ ಬಂದವು. ಒಂದು ಬೀಗರ ಕಡೆಗೆ, ಇನ್ನೊಂದು ಪದ್ಧತಿಯಂತೆ ಇಸ್ಲಾಹಿಗೆ.

ನಾನು ಚಹಾ ಮುಂದಿಟ್ಟುಕೊಂಡು ನೋಡಿದೆ. ಪೂರ್ತಿ ಒಂದು ಕಪ್. ನೋಡಿದಷ್ಟೂ ಸಿಟ್ಟು ಬಂತು. ಅದು ಗಿರಿಜೆಯೇ ಅಲ್ಲ. ಅರ್ಧ ಮುಖದ ಒಂದು ಗೊಂಬೆ. ಆಗ ನಾನು ಬರೆದದ್ದು ಇಂದಿಗೂ ಅಕ್ಷರ ಬಿಡದಂತೆ ನೆನಪಿದೆ: 'ಎಡಗೆನ್ನೆಯನ್ನು ಕತ್ತಲಿಗೆ ತಳ್ಳಿದ್ದೀ. ಯಾಕೆಂದು ನನಗೆ ಗೊತ್ತು. ಆದರೆ ದೇವಿಯ ಕಲೆ ಮುಚ್ಚಲು ಹೋಗಿ ಹುಡುಗಿಯನ್ನೇ ಮುಚ್ಚಿದ್ದೀ. ಗಿರಿಜೆ ನಗುವಾಗ ಆ ಕಲೆಯನ್ನು ಯಾರೂ ನೋಡುವುದಿಲ್ಲ, ನಗುವನ್ನು ನೋಡುತ್ತಾರೆ. ಬೆಳಕಿಗೆ ತಿರುಗಿಸಿ, ನಗಿಸಿ, ಮತ್ತೊಮ್ಮೆ ತೆಗೆ.' ಬರೆದು ನನಗೇ ಮೆಚ್ಚುಗೆಯಾಯಿತು. ಈ ಸಲ ಹತ್ತಕ್ಕೆ ಎಂಟಾದರೂ ಸಿಗಬೇಕು ಎಂದುಕೊಂಡೆ.

ಬೀಗರಿಗೆ ಕಾಗದ ಬರೆಯುವ ಕೆಲಸವೂ ನನ್ನದೇ, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ. ಶರಣಪ್ಪನ ಮನೆಯ ಪಡಸಾಲೆಯಲ್ಲಿ ಕೂತು, ಮೇಲೆ ಶ್ರೀ ಬರೆದು, ಲಕೋಟೆಯ ನಾಲ್ಕು ಮೂಲೆಗೆ ಅರಿಶಿಣ ಕುಂಕುಮ ಹಚ್ಚಿ, ಎರಡೂ ಲಕೋಟೆ ಕಟ್ಟಿದೆ. ನಾನು ಫೋಟೋವನ್ನು ಒಮ್ಮೆ ಮಗುಚಿ ನೋಡಲು ಕೈ ಹಾಕಿದ್ದು ನಿಜ. ಶರಣಪ್ಪನ ತಾಯಿ ಕೈ ಹಿಡಿದರು. ಮದುವೆಗೆ ಹೊರಟ ಹುಡುಗಿಯ ಮುಖವನ್ನು ಕೆಳಗೆ ಮಾಡಿ ಇಡಬಾರದಂತೆ, ಬಂದ ಸಂಬಂಧ ಮುಖ ತಿರುಗಿಸುತ್ತದಂತೆ. ಎರಡೂ ಪ್ರತಿಗಳು ಮುಖ ಮೇಲೆ ಮಾಡಿಕೊಂಡು ಚಾಪೆಯ ಮೇಲೆ ಮಲಗಿದ್ದವು, ಎರಡೂ ಒಂದೇ ತರಹ. ಹಿರಿಯರ ಮಾತು ಮೀರಬಾರದೆಂದು ನಾನು ಹಾಗೇ ಮುಖ ಮೇಲಾಗಿಯೇ ಒಂದೊಂದನ್ನು ಒಂದೊಂದು ಲಕೋಟೆಗೆ ಜಾರಿಸಿದೆ. ಎರಡೂ ಒಂದೇ ಮೋಟಾರಿನಲ್ಲಿ ಕಲ್ಯಾಣಿಗೆ ಹೋದವು.

ಆರನೆಯ ದಿನ ಚಾಂದ್ ಸಾಹೇಬರ ಲಕೋಟೆ ಬಂತು. ಫೋಟೋದ ಹಿಂದೆ ಅವರ ಬರಹ ಮಾತ್ರ ಇತ್ತು: 'ಬೆನ್ನು ಖಾಲಿಯಿದೆ. ಮಾಸ್ತರರ ಪೆನ್ಸಿಲು ಕಳೆದಿದೆಯೇ? ಅಥವಾ ಈ ಚಿತ್ರದಲ್ಲಿ ದೋಷವೇ ಕಾಣಲಿಲ್ಲವೇ? ನನಗಂತೂ ಅರ್ಧ ಹುಡುಗಿ ಮಾತ್ರ ಕಾಣುತ್ತಾಳೆ.'

ಅಂಚೆ ಕಚೇರಿಯ ಕಟ್ಟೆಯ ಮೇಲೆ ನಾನೂ ಶರಣಪ್ಪನೂ ಮುಖ ಮುಖ ನೋಡಿಕೊಂಡೆವು. ನಾನು ಬರೆದ ಪ್ರತಿ ಬೀಗರ ಲಕೋಟೆಯಲ್ಲಿ ಹೋಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಮಕ್ಕಳಿಂದ ನೂರು ಸಲ ಬರೆಸಿದ್ದೆ. ಅದರ ಅರ್ಥ ನನಗೆ ತಿಳಿದದ್ದು ಅಂದೇ. ನಾನು ಏನು ಬರೆದಿದ್ದೆನೆಂದು ಹೇಳಿದೆ. ಶರಣಪ್ಪ ಬೈಯಲಿಲ್ಲ. ಬೈದಿದ್ದರೆ ಸುಖವಿತ್ತು. ಮುದ್ರೆ ಎತ್ತಿಕೊಂಡು ಒಳಗೆ ಹೋಗಿ ಕಾಗದಗಳನ್ನು ಗುದ್ದತೊಡಗಿದ, ಆ ದಿನ ಹುಮನಾಬಾದಿನಿಂದ ಹೋದ ಅಂಚೆಯನ್ನು ಯಾರಾದರೂ ಓದಲು ಸಾಧ್ಯವಾಯಿತೋ ಇಲ್ಲವೋ. ಸಂಜೆಯಿಂದ ನನ್ನೊಂದಿಗೆ ಮಾತು ಬಿಟ್ಟ. ಅವನ ತಾಯಿ ನಮ್ಮ ಮನೆಗೆ ಹೆಪ್ಪು ಕೇಳಲು ಬರುವುದನ್ನೂ ಬಿಟ್ಟರು. ನಮ್ಮ ಮನೆಯಾಕೆ ನನ್ನನ್ನು ನೋಡುವ ನೋಟದಲ್ಲಿ ಹತ್ತಕ್ಕೆ ಸೊನ್ನೆ ಎಂದು ಬರೆದಿತ್ತು.

ಬಂದವಳು ಗಿರಿಜೆ. ಎರಡು ದಿನದ ಮೇಲೆ ನೇರ ನನ್ನ ಬಾಗಿಲಿಗೆ ಬಂದು ನಿಂತು, ಬರೆದದ್ದು ಏನೆಂದು ತನಗೇ ಹೇಳಬೇಕೆಂದಳು. ತಲೆ ತಗ್ಗಿಸಿ ಒಪ್ಪಿಸಿದೆ, ಪಾಠ ಒಪ್ಪಿಸುವ ಹುಡುಗನ ಹಾಗೆ.

"ಖರೇನ ಬರದೀರಿ ಬಿಡ್ರಿ ಮಾಸ್ತರ," ಎಂದಳು. "ಎರಡು ಸಲ ಅವರು ಬಂದು ನೋಡಿ ಹೋದ ಮ್ಯಾಲ ಅತ್ತೀನಿ. ಈ ಸಲ ಬರೂಕಿಂತ ಮೊದಲೇ ಅವರಿಗೆ ಗೊತ್ತಾತು. ಬರಲಿಲ್ಲಂದ್ರ ಬರಲಿಲ್ಲ, ಉಪ್ಪಿಟ್ಟು ಮಾಡೂದು ಉಳೀತು."

ಅಷ್ಟು ಹೇಳಿ ನಗಲು ಹೋದಳು, ನಗು ಬರಲಿಲ್ಲ. ಎದುರು ಮನೆಗೆ ಕೇಳುವ ಆ ನಗು ನನ್ನ ಎದುರಲ್ಲೇ ನಿಂತುಹೋಯಿತು. ಫೋಟೋಗಾರನ ತಪ್ಪು ಹುಡುಕಲು ಹೋಗಿ ಫೋಟೋದಲ್ಲಿದ್ದವಳ ನಗು ಕಸಿದಿದ್ದೆ.

ಮರುದಿನವೇ ಶಾಲೆಗೆ ರಜೆ ಬರೆದು ಕಲ್ಯಾಣಿಯ ಮೋಟಾರು ಹತ್ತಿದೆ. ದವಾಖಾನೆಗೆ ಹೋಗಿ ಆ ಕಂಪೌಂಡರನನ್ನು ಕಂಡು, ಕೈ ಮುಗಿದು, ಬರೆದವನು ನಾನು, ಬುದ್ಧಿಗೇಡಿ, ಆ ಕಾಗದ ವಾಪಸು ಕೊಡಿ ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಕಿಟಕಿಯ ಆಚೆ ಸ್ಟೂಲಿನ ಮೇಲೆ ತೆಳ್ಳನೆಯ ತರುಣನೊಬ್ಬ ಕೂತಿದ್ದ. ಏನಾಗಿದೆ ಎಂದು ಕೇಳಿದ. ಜೋಡಿಸಿದ ಮಾತೆಲ್ಲ ಎಲ್ಲಿ ಹೋಯಿತೋ, ಕೆಮ್ಮು ಎಂದೆ. ಸುಳ್ಳಿಗೆ ಸಾಕ್ಷಿಯಾಗಿ ಎರಡು ಸಲ ಕೆಮ್ಮಿಯೂ ತೋರಿಸಿದೆ. ಆಗೆಲ್ಲ ದವಾಖಾನೆಗೆ ಹೋಗುವವರು ಸೀಸೆ ಮನೆಯಿಂದ ಒಯ್ಯಬೇಕು. ನನ್ನ ಬಳಿ ಇರಲಿಲ್ಲ. ಅವನು ತನ್ನ ಬದಿಯಲ್ಲಿದ್ದ ಖಾಲಿ ಸೀಸೆಯೊಂದನ್ನು ತಾನೇ ತೊಳೆದು, ಔಷಧ ತುಂಬಿ, ಎಷ್ಟೆಷ್ಟು ಕುಡಿಯಬೇಕೆಂದು ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿ ಕೊಟ್ಟ. ಇಷ್ಟನ್ನೂ ಕೂತಲ್ಲೇ ಮಾಡಿದ. ನನಗಿಂತ ಹದಿನೈದು ವರ್ಷ ಚಿಕ್ಕವನು, ಒಮ್ಮೆಯಾದರೂ ಏಳಬಾರದೆ? ಸರ್ಕಾರಿ ನೌಕರಿಯ ಗತ್ತು ಎಂದುಕೊಂಡೆ. ಒಂದು ಕಪ್ ಚಹಾದಷ್ಟು ಹೊತ್ತೂ ನೋಡದೆ ಹುಡುಗನ ಬೆನ್ನ ಮೇಲೆ ಮನಸ್ಸಿನಲ್ಲೇ ಬರೆದುಬಿಟ್ಟಿದ್ದೆ.

ಸೀಸೆ ಹಿಡಿದು ಚಾಂದ್ ಸಾಹೇಬರ ಮನೆಗೆ ಹೋದೆ. ಅವರು ಎಲ್ಲ ಕೇಳಿದರು. ಅವರು ಆ ಕಂಪೌಂಡರನ ಹತ್ತಿರ ಮೂರು ವರ್ಷದಿಂದ ಔಷಧ ಒಯ್ಯುವವರು. ನೀವು ಬಂದು ಒಂದು ಮಾತು ಹೇಳಿರಿ ಎಂದು ಬೇಡಿಕೊಂಡೆ. ಅವರು ಗಡ್ಡ ನೀವಿಕೊಂಡು ಬಹಳ ಹೊತ್ತು ನನ್ನನ್ನೇ ನೋಡಿದರು, ನಾನೂ ಒಂದು ಫೋಟೋ ಎನ್ನುವಂತೆ.

"ಇಸ್ಲಾಹ್ ವಾಪಸ್ ತಗೊಳ್ಳೂದಿಲ್ಲ ಮಾಸ್ತರ್," ಎಂದರು. "ಬರದದ್ದು ಗಲತ್ ಇದ್ರ ಮಾಫಿ ಕೇಳ್ರಿ, ನಾನೂ ಬರ್ತೀನಿ. ಹೇಳ್ರಿ, ಗಲತ್ ಬರದೀರೇನು?"

ಯೋಚಿಸಿದೆ. ಕಲೆಯಿತ್ತು. ನೆರಳಿತ್ತು. ನಗುವೂ ನಿಜ. ಒಂದು ಅಕ್ಷರವನ್ನೂ ತಿದ್ದುವಂತಿರಲಿಲ್ಲ. ಇಲ್ಲ ಎಂದೆ.

"ಹಂಗಾರ ಚಾ ಕುಡೀರಿ," ಎಂದರು.

ವಾಪಸು ಬರುವಾಗ ಮೋಟಾರಿನಲ್ಲಿ ನನಗೊಂದು ವಿಷಯ ಹೊಳೆಯಿತು. ಚೆಂದದ ಮಗು ಹುಟ್ಟಿದರೆ ನಾವೇನು ಮಾಡುತ್ತೇವೆ? ಕಾಡಿಗೆ ತೀಡಿ, ಕೆನ್ನೆಗೆ ಒಂದು ಕಪ್ಪು ಬೊಟ್ಟು ಇಡುತ್ತೇವೆ. ಕೊರತೆಯಿಲ್ಲದ ಮುಖವನ್ನು ಕಂಡು ನಮಗೇ ಭಯ. ಒಂದು ಕೊರತೆಯನ್ನು ಕೈಯಾರೆ ಮಾಡಿಟ್ಟ ಮೇಲೆ ನಿಶ್ಚಿಂತೆ. ಅದೇ ಬೊಟ್ಟನ್ನು ದೇವಿ ತಾನಾಗಿ ಇಟ್ಟು ಹೋದರೆ ಮಾತ್ರ ಬಾಗಿಲ ನೆರಳು ಹುಡುಕುತ್ತೇವೆ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು, ಆದರೆ ಹೇಳಬೇಕಾದ ಶರಣಪ್ಪ ಮಾತು ಬಿಟ್ಟಿದ್ದ. ಕೆಮ್ಮಿಲ್ಲದ ನಾನು ಆ ಕಹಿ ಔಷಧವನ್ನು ಪ್ರಾಯಶ್ಚಿತ್ತವೆಂದು ಪಟ್ಟಿಯ ಲೆಕ್ಕದಂತೆ ದಿನಕ್ಕೆ ಮೂರು ಸಲ ಕುಡಿದೆ.

ಲಕೋಟೆ ಕಳಿಸಿದ ಇಪ್ಪತ್ತೇಳನೆಯ ದಿನ. ಮಧ್ಯಾಹ್ನದ ಬಿಸಿಲಲ್ಲಿ ಶರಣಪ್ಪ ನಮ್ಮ ಶಾಲೆಯ ಬಾಗಿಲಿಗೆ ಬಂದು ನಿಂತ. ಕಚೇರಿಯ ಹೊತ್ತಿನಲ್ಲಿ ಅವನು ಹೊರಗೆ ಬಂದದ್ದೇ ಇಲ್ಲ. ಅವನ ಕೈಯಲ್ಲಿ ಲಕೋಟೆ, ನಾಲ್ಕು ಮೂಲೆಗೂ ಅರಿಶಿಣ. ಬಾಯಿ ಬಿಡದೆ ನನ್ನ ಕೈಗೆ ಕೊಟ್ಟ. ಒಳಗೆ ಆ ಕಂಪೌಂಡರನ ಫೋಟೋ. ಸ್ಟುಡಿಯೋದಲ್ಲಿ ತೆಗೆಸಿದ್ದು: ಕೆತ್ತನೆಯ ಕುರ್ಚಿ, ಕೋಟು, ಹಿಂದೆ ಪರದೆಯ ಮೇಲೆ ಬರೆದ ಕೊಳ ಮತ್ತು ಹಂಸ.

"ಮಗುಚಿ ನೋಡು," ಎಂದ ಶರಣಪ್ಪ. ಮೂರು ವಾರದಲ್ಲಿ ಅವನು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಬೆನ್ನ ಮೇಲೆ ಪೆನ್ಸಿಲಿನ ಬರಹ. ಚೀಟಿ ಬರೆದು ಬರೆದು ಪಳಗಿದ ಸಣ್ಣ ಅಕ್ಷರ. 'ನಿಮ್ಮಲ್ಲಿ ಫೋಟೋದ ಹಿಂದೆ ದೋಷ ಬರೆದು ಕಳಿಸುವ ಪದ್ಧತಿ ಇದೆಯೆಂದು ತಿಳಿಯಿತು. ನನ್ನದನ್ನು ಬರೆಯುವವರು ಯಾರೂ ಇಲ್ಲದ್ದರಿಂದ ನಾನೇ ಬರೆದಿದ್ದೇನೆ. ಕೋಟು ಸ್ಟುಡಿಯೋದವರದು. ಕೊಳ ಸುಳ್ಳು, ಹಂಸವೂ ಸುಳ್ಳು. ಕುರ್ಚಿಯ ಮೇಲೆ ಕೂತದ್ದು ಅಂದಕ್ಕಲ್ಲ. ನನ್ನ ಎಡಗಾಲು ಚಿಕ್ಕಂದಿನಿಂದ ತುಸು ಗಿಡ್ಡ, ನಿಂತರೆ ಕಾಣುತ್ತದೆ. ಈ ಮಾತನ್ನು ಹೇಗೆ ತಿಳಿಸಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದೆ ಇಷ್ಟು ದಿನ ಸಂಬಂಧ ಕೇಳಲೇ ಹೆದರುತ್ತಿದ್ದೆವು. ನಿಮ್ಮ ಫೋಟೋದ ಬೆನ್ನು ಓದಿ ಧೈರ್ಯ ಬಂತು. ಹುಡುಗಿ ನಗುವ ಫೋಟೋ ಇದ್ದರೆ ಕಳಿಸಿ. ಇಲ್ಲದಿದ್ದರೆ, ಇದನ್ನು ಓದಿದ ಮೇಲೂ ಬನ್ನಿ ಎಂದರೆ, ನಾವೇ ಬಂದು ನೋಡುತ್ತೇವೆ.'

ನಾನು ಶಾಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಳಗೆ ಹುಡುಗರು ಹದಿಮೂರರ ಮಗ್ಗಿಯನ್ನು ತಪ್ಪು ತಪ್ಪಾಗಿ ಹೇಳುತ್ತಿದ್ದರು, ನನಗೆ ಅದು ಮಂತ್ರದಂತೆ ಕೇಳುತ್ತಿತ್ತು. ಸ್ಟೂಲಿನಿಂದ ಏಳದ ಆ ಹುಡುಗ ನೆನಪಾಗಿ ಮುಖ ಬಿಸಿಯಾಯಿತು. ಸೀಸೆ ತೊಳೆದ ಕೈ ಕಾಣಲಿಲ್ಲ ನನಗೆ, ಏಳದ ಕಾಲು ಮಾತ್ರ ಕಂಡಿತ್ತು. ಚಾಂದ್ ಸಾಹೇಬರಿಗೆ ಎಲ್ಲ ಗೊತ್ತಿತ್ತಲ್ಲ, ಮೂರು ವರ್ಷದಿಂದ ಅವನನ್ನು ನೋಡುತ್ತಿದ್ದರಲ್ಲ! ಆಮೇಲೊಮ್ಮೆ ಇದನ್ನು ಅವರಿಗೇ ಕೇಳಿದೆ. ಅದು ಅವನ ಫೋಟೋ, ಅವನೇ ಬರೆಯಬೇಕಿತ್ತು ಎಂದರು. ಅಷ್ಟೇ.

ಗಿರಿಜೆ ಆ ಬರಹವನ್ನು ಅಡಿಗೆಮನೆಯಲ್ಲಿ ಕೂತು ಎರಡು ಸಲ ಓದಿದಳಂತೆ. ಹಂಸವೂ ಸುಳ್ಳು ಎಂಬಲ್ಲಿಗೆ ಬಂದಾಗ ಅವಳು ನಕ್ಕದ್ದು ನಮ್ಮ ಮನೆಗೆ ಕೇಳಿಸಿತು. ನಮ್ಮ ಮನೆಯಾಕೆ ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಮುಖ ನೋಡಿ, ಇನ್ನು ಆ ಕೆಮ್ಮಿನ ಔಷಧ ಚೆಲ್ಲಬಹುದು ಎಂದಳು. ಸಂಜೆ ಶರಣಪ್ಪನ ತಾಯಿ ಹೆಪ್ಪು ಕೇಳಲು ಬಂದರು.

ಗಂಡಿನ ಕಡೆಯವರು ಬಂದರು, ಉಪ್ಪಿಟ್ಟು ತಿಂದರು. ವಿಶ್ವನಾಥ ಓಣಿಯುದ್ದಕ್ಕೂ ನಡೆದುಕೊಂಡೇ ಬಂದ, ಮೋಟಾರಿನಿಂದ ಇಳಿದವನು ಬಂಡಿ ಬೇಡ ಎಂದನಂತೆ. ಗಿರಿಜೆ ಬೆಳಕಿನ ಕಡೆ ಮುಖ ಮಾಡಿ ಕೂತಳು. ಆ ದಿನ ಯಾರೂ ಊರಿಗೆ ಹೋಗಿ ತಿಳಿಸುತ್ತೇವೆ ಎನ್ನಲಿಲ್ಲ. ಎಲೆ ಅಡಿಕೆ ತಟ್ಟೆ ಅಲ್ಲೇ ಬದಲಾಯಿತು. ವಿಶ್ವನಾಥ ಹೊರಡುವಾಗ ನನ್ನ ಹತ್ತಿರ ಬಂದು, ಕೆಮ್ಮು ಈಗ ಹೇಗಿದೆ ಎಂದು ವಿಚಾರಿಸಿದ. ನಾನು ಪೂರ್ತಿ ವಾಸಿಯಾಯಿತು ಎಂದೆ. ಅದರಷ್ಟು ನಿಜವಾದ ಮಾತನ್ನು ನಾನು ಯಾವ ವೈದ್ಯರಿಗೂ ಹೇಳಿಲ್ಲ.

ಐವತ್ತರ ಬೇಸಿಗೆಯಲ್ಲಿ ಮದುವೆ. ಫೋಟೋ ತೆಗೆಯುವವನು ನಾನೇ ಆಗಬೇಕೆಂದು ಮದುಮಕ್ಕಳಿಬ್ಬರದೂ ಹಟ. ಅಕ್ಷತೆ ಬಿದ್ದ ಮೇಲೆ ಇಬ್ಬರನ್ನೂ 'ನಿಲ್ಲಿಸಿ', ಹೌದು, ನಿಲ್ಲಿಸಿಯೇ, ಬಿಸಿಲಿಗೆ ಎಡಗೆನ್ನೆ ಕೊಟ್ಟು ಚಿಟಿಕೆ ಒತ್ತಿದೆ. ಯಾರೋ ಹಂಸ ಎಂದರು, ಇಬ್ಬರೂ ನಕ್ಕರು. ಫೋಟೋ ತೊಳೆದು ಬಂತು. ನಗು ಇದ್ದ ಹಾಗೇ ಬಂದಿತ್ತು. ಕೆನ್ನೆ, ಕಾಲು, ಬೆಳಕು ಎಲ್ಲ ಬಂದಿದ್ದವು, ಆ ಖುಷಿಯಲ್ಲಿ ಬೇರೇನನ್ನೂ ನೋಡದೆ ಕಲ್ಯಾಣಿಗೆ ಕಳಿಸಿದೆ. ಚಾಂದ್ ಸಾಹೇಬರು ನೋಡಿ, ಈ ಸಲ ನನ್ನ ಕೆಲಸ ಬೇರೆಯವರು ಮಾಡಲಿ ಎಂದು ಗಿರಿಜೆಗೆ ಕಳಿಸಿದರು. ಅವಳು ಬೆನ್ನ ಮೇಲೆ ಬರೆದು ನನಗೆ ವಾಪಸು ಕಳಿಸಿದಳು: 'ಮಾಸ್ತರ, ಎಡಗೆನ್ನಿ ಚೊಲೋ ಬಂದದ. ಎಡಗಡೆ ನಿಂತ ಗಂಭೀರ ವ್ಯಕ್ತಿನೂ ಚೊಲೋ ಬಂದಾರ.'

ಮುಂಭಾಗ ತಿರುಗಿಸಿ ನೋಡಿದೆ. ವಿಶ್ವನಾಥನ ಪಕ್ಕದಲ್ಲಿ, ಮದುವೆಗೆ ಬಂದ ಹಿರಿಯ ನೆಂಟರಂತೆ, ಬದನೆಕಾಯಿಯಷ್ಟು ದೊಡ್ಡದಾಗಿ ನನ್ನ ಬೆರಳು. ಮೂರು ವರ್ಷದ ಇಸ್ಲಾಹ್ ನೀರಲ್ಲಿ ಮಾಡಿದ ಹೋಮವಾಗಿತ್ತು. ನಾನು ಎದ್ದು ಕತ್ತರಿ ತಂದೆ.

ನಮ್ಮ ಮನೆಯಾಕೆ ಕೈಯಿಂದ ಕತ್ತರಿ ಕಸಿದುಕೊಂಡಳು.

"ಇರ್ಲಿ ಬಿಡ್ರಿ," ಎಂದಳು. "ಈ ಮದುವ್ಯಾಗ ನೀವೂ ಬೆರಳು ಹಾಕೀರಿ ಅಂತ ನಾಕ ಮಂದಿಗೆ ಗೊತ್ತಾಗ್ಲಿ."

ಬಿಸ್ಕತ್ತಿನ ಡಬ್ಬಿಯಲ್ಲಿ ಪೂರ್ತಿ ಅಗಲವಿರುವ ಫೋಟೋ ಅದೊಂದೇ.